ಯಂಕಪ್ಪನ ಆರಾಮ

ಹೋದ ತಿಂಗಳು ಯಾದಗಿರಿಯ ಒಂದು ಕಾಲೇಜಿನವರು ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದರು. ರೈಲಿಳಿದು ನೇರ ಅಲ್ಲಿಗೇ ಹೋದೆ. ಸಭಾಂಗಣವನ್ನು ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದರು. ಹಿಂದಿನ ಕೋಣೆಯಲ್ಲಿ ಅತಿಥಿಗಳಿಗೆಂದು ಡಾಲ್ಡಾ ಸುರಿದ ಉಪ್ಪಿಟ್ಟು ಬೇಯುತ್ತಿತ್ತು. ಎರಡೂ ವಾಸನೆ ಬೆರೆತು ಮೂಗಿಗೆ ಬಡಿಯಿತು. ಇದೇ ಊರಿನ ಇನ್ನೊಂದು ಸಭಾಂಗಣದಲ್ಲಿ, ಕೆಲವು ವರ್ಷಗಳ ಹಿಂದೆ, ಇದೇ ವಾಸನೆಯ ನಡುವೆ ನಾನು ಒಂದು ಜಗಳ ಸೋತಿದ್ದೆ.

ವೇದಿಕೆಯ ಮೇಲೆ ಪರಿಚಯ ಮಾಡಿಕೊಡುವವರು ನನ್ನ ಜೀವನಚರಿತ್ರೆಯನ್ನೇ ಓದಿದರು. ಆರೋಗ್ಯ ಅರ್ಥಶಾಸ್ತ್ರದ ಹೆಸರಾಂತ ಪ್ರಾಧ್ಯಾಪಕಿ, ಶಹಾಪುರದ ಮಗಳು, ಸುರಪುರ ಮಾದರಿಯನ್ನು ಜಗತ್ತಿಗೆ ಕೊಟ್ಟವರು. ಜಗತ್ತು ಎಂಬ ಮಾತಿಗೆ ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಏನೋ ಒಂದಿಷ್ಟು ಮಾತಾಡಿ ಕೆಳಗಿಳಿದೆ. ಉಪ್ಪಿಟ್ಟು ಮುಟ್ಟಲಿಲ್ಲ. ಮೇಡಂಗೆ ಶುಗರ್ ಇರಬೇಕು ಎಂದು ಅವರವರೇ ಪಿಸುಗುಟ್ಟಿಕೊಂಡರು. ಶುಗರ್ ಅಲ್ಲ, ಹೇಸಿಗೆ. ಸುರಪುರ ಮಾದರಿ ಎಂಬ ಆ ಎರಡು ಪದ ಕಿವಿಗೆ ಬಿದ್ದಾಗೆಲ್ಲ ನನಗೆ ಊಟ ಸೇರುವುದಿಲ್ಲ.

ನನ್ನ ಶಾಸ್ತ್ರ ಏನೆಂದು ಮೊದಲು ಹೇಳಿಬಿಡಬೇಕು. ಸರ್ಕಾರವೋ, ಧರ್ಮಸಂಸ್ಥೆಯೋ ಒಂದು ಔಷಧಿಗೆ, ಒಂದು ಯಂತ್ರಕ್ಕೆ ದುಡ್ಡು ಹಾಕುತ್ತದೆ. ಆ ದುಡ್ಡಿನಿಂದ ಜನರ ಬದುಕು ಎಷ್ಟು ಹಸನಾಯಿತು ಎಂದು ಅಳೆದು, ಎಲ್ಲಿ ಹೆಚ್ಚು ಹಸನಾಗುತ್ತದೋ ಅಲ್ಲಿ ಹಾಕಿ ಎಂದು ಹೇಳುವುದು ನಮ್ಮ ಕೆಲಸ. ಶಹಾಪುರದ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಮ್ಮಪ್ಪನಿಗೆ ಮಗಳು ಡಾಕ್ಟರಾಗಬೇಕೆಂಬ ಆಸೆಯಿತ್ತು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ನನ್ನ ಪಿಎಚ್‌ಡಿ ಪದವಿಯ ಫೋಟೋ ತೂಗುಹಾಕಿ, ಡಾಕ್ಟರ್ ಅಂತೂ ಆದಳಲ್ಲ ಎಂದು ಆತ ಸಮಾಧಾನಪಟ್ಟುಕೊಂಡ. ನಮ್ಮವ್ವ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ಜಡ್ಡು ವಾಸಿ ಮಾಡಾಂಗಿಲ್ಲ, ಬರೇ ಅಳಿಯೂದು ಅಷ್ಟ? ಅದಕ್ಕೂ ಪಗಾರ ಕೊಡ್ತಾರೇನ?" ಎಂದು ಓಣಿಯವರ ಮುಂದೆಲ್ಲ ಕೇಳಿ ನಗುತ್ತಿದ್ದಳು. ನನಗೂ ನಗು ಬರುತ್ತಿತ್ತು. ಅಳತೆ ಸರಿಯಿದ್ದರೆ ಎಷ್ಟೋ ಜನ ಬದುಕುತ್ತಾರೆ ಎಂದು ಆಗ ನಾನು ನಂಬಿದ್ದೆ. ಇಂದಿಗೂ ನಂಬುತ್ತೇನೆ. ಅಳೆಯುವವರ ಮೇಲೆ ನಂಬಿಕೆ ಹೋಗಿದೆ, ಅಷ್ಟೇ.

ಆ ಹಳೆಯ ಸಭೆ ನಡೆದ ವರ್ಷ, ಮುಂಗಾರಿನ ಹೊತ್ತಿಗೆ, ಒಂದು ಟ್ರಸ್ಟು ಈ ಶಾಸ್ತ್ರದವರಾದ ನಮ್ಮನ್ನು ಕರೆಯಿತು. ಅವರ ಬಳಿ ಕೊಡಲು ಡಯಾಲಿಸಿಸ್ ಯಂತ್ರಗಳಿದ್ದವು. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ತೊಳೆದುಕೊಡುವ ಯಂತ್ರ. ವಾರಕ್ಕೆ ಎರಡು ಸಲ ಅದರ ಮುಂದೆ ಮಲಗದಿದ್ದರೆ ಮನುಷ್ಯ ಊದಿಕೊಂಡು ಉಸಿರುಕಟ್ಟಿ ಸಾಯುತ್ತಾನೆ. ಯಂತ್ರಗಳನ್ನು ಸುರಪುರದ ಕಡೆ ಕೊಡಬೇಕೋ, ಇಲ್ಲ ಒಂದು ದೊಡ್ಡ ನಗರದ ಹೊಸ ಬಡಾವಣೆಗೆ ಕೊಡಬೇಕೋ ಎಂಬುದು ಟ್ರಸ್ಟಿನವರ ಪ್ರಶ್ನೆ. ಸುರಪುರದ ಆಚೀಚಿನ ರೋಗಿಗಳು ಆಗ ಚಿಕಿತ್ಸೆಗೆ ಯಾದಗಿರಿಗೇ ಬರಬೇಕಿತ್ತು. ನಸುಕಿನಲ್ಲಿ ಬಸ್ಸು ಹಿಡಿದು, ಸುರಪುರದಲ್ಲಿ ಬದಲಿಸಿ, ಶಹಾಪುರ ದಾಟಿ, ಭೀಮೆಯ ಸೇತುವೆ ಹಾದು ಬರುವುದು. ಮತ್ತೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು. ನನಗೆ ಉತ್ತರ ಕಣ್ಣಿಗೆ ಕಾಣುತ್ತಿತ್ತು. ಆದರೆ ಕಣ್ಣಿಗೆ ಕಂಡದ್ದನ್ನು ನಮ್ಮ ಶಾಸ್ತ್ರ ಒಪ್ಪುವುದಿಲ್ಲ, ಸಮೀಕ್ಷೆ ಮಾಡಬೇಕು.

ಸಮೀಕ್ಷೆಯ ಮುಖ್ಯಸ್ಥರು ಪ್ರಭಾಕರ ಸರ್. ಬೆಂಗಳೂರಿನವರು, ನನಗಿಂತ ಹಿರಿಯರು, ವಿದೇಶದಲ್ಲಿ ಓದಿ ಬಂದವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಜಗಳ ಮಾಡಿ ಮರೆತುಬಿಡುತ್ತಿದ್ದೆ. ಸದಾ ಮೆಲ್ಲಗೆ ಮಾತಾಡುತ್ತಿದ್ದರು, ಡ್ರೈವರಿಗೂ ಥ್ಯಾಂಕ್ಸ್ ಹೇಳುತ್ತಿದ್ದರು, ಕುಡಿಯುವ ನೀರನ್ನು ಮಾತ್ರ ಪೆಟ್ಟಿಗೆಗಟ್ಟಲೆ ಬೆಂಗಳೂರಿನಿಂದಲೇ ತರಿಸುತ್ತಿದ್ದರು. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆಗೆ ಬೆಂಗಳೂರಿನ ನೀರು!

ಯಾದಗಿರಿಯ ಒಂದು ಲಾಡ್ಜಿನಲ್ಲಿ ಪ್ರಶ್ನೆ ಕೇಳುವವರಿಗೆ ತರಬೇತಿ ನಡೆಯಿತು. ನಡೆದಾಡುತ್ತೀರಾ, ಸ್ನಾನ ನೀವೇ ಮಾಡಿಕೊಳ್ಳುತ್ತೀರಾ, ದಿನದ ಕೆಲಸ ಆಗುತ್ತದೆಯೇ, ನೋವಿದೆಯೇ, ಚಿಂತೆಯಿದೆಯೇ; ಇಷ್ಟನ್ನು ಕೇಳಿ ರೋಗಿಯ ಆರೋಗ್ಯಕ್ಕೆ ಬೆಲೆ ಕಟ್ಟುವುದು. ಕಟ್ಟುನಿಟ್ಟಾದ ನಿಯಮ ಒಂದಿತ್ತು. ಉತ್ತರ ರೋಗಿಯ ಬಾಯಿಂದಲೇ ಬರಬೇಕು. ಕೇಳುವಾಗ ಹತ್ತಿರ ಬೇರೆ ಯಾರೂ ಇರಕೂಡದು. ಮನೆಯವರು ನಡುವೆ ಬಾಯಿ ಹಾಕಿದರೆ ಅವರನ್ನು ವಿನಯದಿಂದ ಹೊರಗೆ ಕಳಿಸಬೇಕು.

ನಾನು ಅಂದೇ ಎದ್ದು ನಿಂತು ಹೇಳಿದೆ. ಸರ್, ನಮ್ಮ ಕಡೆ ಇದು ನಡೆಯುವುದಿಲ್ಲ. ಇಲ್ಲಿ ಮನೆಗೆ ಬಂದವರು ಹೇಗಿದ್ದೀರಿ ಅಂದರೆ ಆರಾಮ ಅಂತಲೇ ಅನ್ನಬೇಕು. ಬಂದವರ ಮುಂದೆ ತನ್ನ ಜಡ್ಡು ತಾನೇ ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಗಂಡನ ಜಡ್ಡನ್ನು ಹೆಂಡತಿ ಹೇಳುತ್ತಾಳೆ, ಸೊಸೆಯದನ್ನು ಅತ್ತೆ ಹೇಳುತ್ತಾಳೆ, ಅತ್ತೆಯದನ್ನು ನೆರೆಮನೆಯವಳು ಹೇಳುತ್ತಾಳೆ. ನಮ್ಮಪ್ಪನನ್ನೇ ತಗೊಳ್ಳಿ, ಎದೆನೋವಿನಿಂದ ಬೆವರು ಸುರಿಸುತ್ತ ಮಲಗಿದ್ದಾಗ ಕಚೇರಿಯವರು ನೋಡಲು ಬಂದರು. ಆರಾಮ ಅದೀನ್ರಿ, ಬರ್ರಿ ಕುಂದರ್ರಿ, ಅಂದ. ಅಡುಗೆಮನೆಯಿಂದ ಅವ್ವ ಕೂಗಿ ಹೇಳದಿದ್ದರೆ ಅವರು ಛಾ ಕುಡಿದು ಎದ್ದುಹೋಗುತ್ತಿದ್ದರು. ಅವಳು ಕೂಗಿದ್ದಕ್ಕೇ ಅವರ ಜೀಪಿನಲ್ಲಿ ಆಸ್ಪತ್ರೆ ಸೇರಿದ.

ಪ್ರಭಾಕರ ಸರ್ ಮುಗುಳ್ನಕ್ಕರು. "ಚೆನ್ನಾಗಿದೆ ಮೇಡಂ. ಆದರೆ ಇದೇ ಪ್ರಶ್ನೆಗಳನ್ನು ಎಷ್ಟೋ ದೇಶಗಳಲ್ಲಿ ಕೇಳಿದ್ದಾರೆ. ಮನುಷ್ಯನ ನೋವು ಅವನಿಗಲ್ಲದೆ ಬೇರೆಯವರಿಗೆ ಹೇಗೆ ಗೊತ್ತಾಗುತ್ತೆ?" ಕೇಳುವುದಕ್ಕೆ ಎಷ್ಟು ನ್ಯಾಯವಾದ ಮಾತು! ತರಬೇತಿಗೆ ಬಂದ ಹುಡುಗ ಹುಡುಗಿಯರು ತಲೆಯಾಡಿಸಿದರು. ಅವರೆಲ್ಲ ಇದೇ ಜಿಲ್ಲೆಯವರು. ಅವರೂ ಹಿರಿಯರ ಮಾತಿಗೆ ಎದುರಾಡದ ಮರ್ಯಾದೆಯವರೇ.

ನಾನು ಶಹಾಪುರದ ನಮ್ಮಣ್ಣನ ಮನೆಯಲ್ಲಿ ಉಳಿದು ದಿನಾ ಸುರಪುರದ ಕಡೆ ಹೋಗಿಬರುತ್ತಿದ್ದೆ. ಮಳೆ ಹಿಡಿದಿತ್ತು, ಆದರೆ ಸೆಕೆ ಬಿಟ್ಟಿರಲಿಲ್ಲ. ಒಂದು ಹದ ಮಳೆ ಬಿದ್ದು ನಿಂತಿತೆಂದರೆ ಕಪ್ಪು ನೆಲದಿಂದ ಉಗಿ ಏಳುತ್ತಿತ್ತು, ಅಂಗಿ ಬೆನ್ನಿಗೆ ಅಂಟುತ್ತಿತ್ತು. ಎರೆ ಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲೂ ಕಲ್ಲಿನ ಭಾರವಾಗುತ್ತಿತ್ತು. ನಾರಾಯಣಪುರದ ಕಾಲುವೆಗೆ ನೀರು ಬಿಟ್ಟಿದ್ದರು. ಸುರಪುರಕ್ಕೆ ಹತ್ತಿರದ ದೇವಾಪುರದ ಸುತ್ತ ಹೆಂಗಸರು ಸೀರೆ ಎತ್ತಿ ಕಟ್ಟಿ ಸಾಲಾಗಿ ಬಗ್ಗಿ ನೆಲ್ಲು ನಾಟಿ ಮಾಡುತ್ತಿದ್ದರು. ಪ್ರಭಾಕರ ಸರ್ ಜೀಪು ನಿಲ್ಲಿಸಿ ಅವರ ಫೋಟೋ ತೆಗೆದರು.

ದೇವಾಪುರದಲ್ಲಿ ನಮ್ಮ ಪಟ್ಟಿಗೆ ಬಂದ ರೋಗಿ ಯಂಕಪ್ಪ. ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ಎತ್ತರದ ಆಳು, ಈಗ ಮುಖ ಬಾತು ಕಣ್ಣು ಸಣ್ಣದಾಗಿತ್ತು. ಮನೆಯಲ್ಲಿ ಅವನು ಮತ್ತು ಹೆಂಡತಿ ಹಣಮವ್ವ. ಆ ದಿನ ಪ್ರಶ್ನೆ ಕೇಳುವ ಸರದಿ ಸುರಪುರದ ಹುಡುಗಿ ರೇಣುಕಾಳದು. ಕೆಲಸ ಹೇಗೆ ನಡೆದಿದೆ ನೋಡಲು ಪ್ರಭಾಕರ ಸರ್ ಕೂಡ ಬಂದಿದ್ದರು. ಯಂಕಪ್ಪ ನಮ್ಮನ್ನು ಕಂಡದ್ದೇ ಗೋಡೆ ಹಿಡಿದು ಎದ್ದು ನಿಂತು, ಹೆಗಲ ಮೇಲಿನ ಟವೆಲಿನಿಂದ ಹೊರಸು ಒರೆಸಿ ಕೂರಿಸಿದ.

"ಕಾಕಾ, ಹ್ಯಾಂಗ ಅದೀರಿ ಈಗ?" ರೇಣುಕಾ ಕೇಳಿದಳು.

"ಆರಾಮ ಅದೀನವ್ವ. ನಿಮ್ಮ ಮನಿಯಾಗ ಎಲ್ಲಾರೂ ಆರಾಮ?"

ಒಳಬಾಗಿಲಲ್ಲಿ ನಿಂತಿದ್ದ ಹಣಮವ್ವ ಸುಮ್ಮನಿರಲಿಲ್ಲ. "ಏನ್ ಆರಾಮರೀ ಇವರದು! ನಾಕ ಹೆಜ್ಜಿ ನಡದ್ರ ತೇಕು ಹತ್ತತದ. ಆ ಕಾಲು ನೋಡ್ರಿ, ಹ್ಯಾಂಗ ಬಾತಾವ. ಮಲಕೊಂಡ್ರ ಉಸಿರು ಹಿಡಿತದಂತ ಗ್ವಾಡಿಗಿ ಆನಿಕೊಂಡು ಕುಂತ ಬೆಳಕು ಹರಸ್ತಾರ. ನೀರು ಕುಡಿಬ್ಯಾಡ ಅಂದಾರ ಡಾಕ್ಟರ್. ಒದ್ದಿ ಅರಿವಿ ಬಾಯಾಗ ಇಟ್ಕೊಂಡು ಚೀಪತಾರ್ರೀ. ನನಗ ನೋಡಾಕ ಆಗಾಂಗಿಲ್ಲ."

ಇದಕ್ಕಿಂತ ಒಳ್ಳೆಯ ಉತ್ತರ ಯಾವ ದೇಶದ ಸಮೀಕ್ಷೆಗೆ ಸಿಕ್ಕೀತು? ರೇಣುಕಾ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ಬರೆದುಕೋ ಎಂದೆ. ಅಷ್ಟರಲ್ಲಿ ಪ್ರಭಾಕರ ಸರ್ ಮೆಲ್ಲಗೆ, "ಬೇಡ, ಆ ತಾಯಿಯನ್ನು ಸ್ವಲ್ಪ ಹೊರಗೆ ಕಳಿಸಿ. ಉತ್ತರ ಕಲುಷಿತವಾಗುತ್ತೆ" ಅಂದರು. ಕಲುಷಿತ! ಅವರು ಆಡಿದ್ದು ಅದೇ ಪದ. ಗಂಡನ ಕಾಲು ತಿಕ್ಕಿ, ಅವನ ಹಾಸಿಗೆ ಒಗೆದು, ಅವನ ಜೊತೆ ಕೂತೇ ಬೆಳಗು ಮಾಡುವ ಹೆಂಗಸಿನ ಮಾತು ಕಲುಷಿತ.

"ಅವ್ವಾರ, ಸ್ವಲ್ಪ ಹೊರಗ ಕುಂದರ್ರಿ," ಎಂದಳು ರೇಣುಕಾ ತಲೆ ತಗ್ಗಿಸಿ.

"ನನ್ನ ಮನಿ ಬಿಟ್ಟು ನಾ ಎಲ್ಲಿಗಿ ಹೋಗ್ಲೆವ್ವ?" ಹಣಮವ್ವ ನನ್ನನ್ನೂ ಒಮ್ಮೆ ನೋಡಿದಳು. ನಾನು ಸರ್ ಅವರಿಗೆ, ಇದು ಸರಿಯಲ್ಲ ಸರ್, ಅಂದೆ. ಅವರು ಆಮೇಲೆ ಮಾತಾಡೋಣ ಎಂಬಂತೆ ಕೈ ಸನ್ನೆ ಮಾಡಿದರು. ಹಣಮವ್ವ ಗೊಣಗುತ್ತ ಹೊರಗೆ ಹೋಗಿ ಬೇವಿನ ಗಿಡದ ಬುಡಕ್ಕೆ ಕೂತಳು.

ಆಮೇಲೆ ಎಲ್ಲವೂ ಸುಸೂತ್ರ. ನಡೀತೀರಿ? ನಡೀತೀನವ್ವ. ಜಳಕ? ಮಾಡ್ತೀನಿ. ಕೆಲಸ? "ನಮ್ದೇನ ಕೆಲಸ ಈಗ, ಕುಂತು ಉಣ್ಣೂದು." ನೋವು? "ವಯಸ್ಸಾದ ಮ್ಯಾಲ ಇರೂದ." ಚಿಂತೆ? "ನಿಮ್ಮಂಥವ್ರು ಮನಿತನಕ ಬಂದೀರಿ, ಚಿಂತಿ ಯಾಕ?" ರೇಣುಕಾ ಪ್ರತಿ ಪ್ರಶ್ನೆಗೂ ತೊಂದರೆಯಿಲ್ಲ, ತೊಂದರೆಯಿಲ್ಲ ಎಂಬ ಕಡೆಗೇ ಗುರುತು ಹಾಕುತ್ತ ಹೋದಳು. ಉಳಿದದ್ದು ಕೊನೆಯ ಪ್ರಶ್ನೆ. ಅದು ಕಷ್ಟದ್ದೆಂದು ಪ್ರಭಾಕರ ಸರ್ ತಾವೇ ಕೇಳಿದರು.

"ಯಜಮಾನರೇ, ಈಗ ಇರೋ ಹಾಗೇ ಹತ್ತು ವರ್ಷ ಬದುಕೋದು ಒಂದು. ಪೂರ್ತಿ ಆರೋಗ್ಯವಾಗಿ, ಆದರೆ ಅದಕ್ಕಿಂತ ಕಡಿಮೆ ವರ್ಷ ಬದುಕೋದು ಇನ್ನೊಂದು. ಆರೋಗ್ಯ ಸಿಗೋದಾದರೆ ನೀವು ಎಷ್ಟು ವರ್ಷ ಬಿಟ್ಟುಕೊಡ್ತೀರಿ?"

ಯಂಕಪ್ಪ ಬಾತ ಮುಖದಲ್ಲೇ ನಕ್ಕ. "ಬಿಟ್ಟು ಕೊಡಾಕ ಅವು ನನ್ನ ಕೈಯಾಗ ಎಲ್ಲಿ ಅದಾವ್ರಿ ಸಾಹೇಬ್ರ? ಕೊಟ್ಟಾಂವ ಮ್ಯಾಲ ಅದಾನ. ಹೊಳ್ಳಿ ಕೊಡ್ತೀನಂತ ಅಂದ್ರ ಅವಂಗ ಸಿಟ್ಟು ಬರಾಂಗಿಲ್ಲೇನು?"

"ಒಂದು ವರ್ಷವನ್ನೂ ಬಿಟ್ಟುಕೊಡುವುದಿಲ್ಲ ಅಂತ ಬರೆದುಕೊಳ್ಳಿ," ಎಂದರು ಸರ್. ನಮ್ಮ ಶಾಸ್ತ್ರದಲ್ಲಿ ಆರೋಗ್ಯಕ್ಕಾಗಿ ಆಯುಷ್ಯದ ಒಂದು ಚೂರನ್ನೂ ಬಿಟ್ಟುಕೊಡದವನು ಪೂರ್ಣ ಆರೋಗ್ಯವಂತ ಎಂದು ಅರ್ಥ. ಕಾಯಿಲೆ ಅಷ್ಟು ಕಾಡುತ್ತಿದ್ದರೆ ಬಿಟ್ಟುಕೊಡುತ್ತಿದ್ದನಲ್ಲ ಎಂಬ ತರ್ಕ.

ಹಣಮವ್ವ ಸಿಟ್ಟಿನಲ್ಲೂ ಛಾ ಮಾಡಿ ತಂದಳು. ನಾನು, ರೇಣುಕಾ ಕುಡಿದೆವು. ಪ್ರಭಾಕರ ಸರ್ ಈಗಷ್ಟೇ ಆಯಿತು ಎಂದು ಲೋಟ ಬದಿಗಿಟ್ಟು, ತಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ಗಟಗಟ ನೀರು ಕುಡಿದರು. ಯಂಕಪ್ಪನ ಕಣ್ಣು ಅವರ ಗಂಟಲ ಮೇಲೆಯೇ ನೆಟ್ಟಿತ್ತು. ನೀರು ಇಳಿದಾಗೆಲ್ಲ ಅವನ ಗಂಟಲೂ ಏರಿ ಇಳಿಯುತ್ತಿತ್ತು. ಸರ್ ಬಾಯಿ ಒರೆಸಿಕೊಂಡು, ತುಂಬಾ ಧನ್ಯವಾದ ಎಂದು ಕೈ ಮುಗಿದರು. ಆ ಕ್ಷಣದಲ್ಲಿ ಅವರ ಬಗ್ಗೆ ನನಗೆ ಹುಟ್ಟಿದ ಅಸಹ್ಯ ಇವತ್ತಿಗೂ ಕಡಿಮೆಯಾಗಿಲ್ಲ.

ಇಡೀ ತಾಲ್ಲೂಕಿನಿಂದ ಬಂದ ಉತ್ತರಗಳೂ ಹೀಗೇ ಇದ್ದವು. ಅತ್ತ ನಗರದ ಬಡಾವಣೆಯಲ್ಲಿ ರೋಗಿಗಳು ಮನಸಾರೆ ಗೊಣಗಿದ್ದರು. ನಿದ್ದೆಯಿಲ್ಲ, ಕೆಲಸವಿಲ್ಲ, ಇಂಥ ಬದುಕಿಗಿಂತ ಅರ್ಧ ಆಯುಷ್ಯವೇ ವಾಸಿ ಎಂದಿದ್ದರು. ಅವರು ಹೇಳಿದ್ದೂ ನಿಜವೇ, ಅವರದು ತಪ್ಪಿಲ್ಲ. ಎರಡನ್ನೂ ತೂಗಿದರೆ ನಗರದವರು ನರಳುತ್ತಿದ್ದಾರೆ, ಸುರಪುರದವರು ಹಾಯಾಗಿದ್ದಾರೆ ಎಂದಾಯಿತು. ಪ್ರಭಾಕರ ಸರ್ ಇದಕ್ಕೊಂದು ಸಿದ್ಧಾಂತವನ್ನೂ ಹೊಸೆದರು. ಬಡವರು ರೋಗಕ್ಕೆ ಹೊಂದಿಕೊಂಡುಬಿಡುತ್ತಾರೆ, ಆದ್ದರಿಂದ ಚಿಕಿತ್ಸೆ ಹತ್ತಿರವಾದರೂ ಅವರಿಗೆ ಆಗುವ ಲಾಭ ಅಲ್ಪ. ಇದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಎಂಥ ಸಹನಶೀಲ ಜನ ಮೇಡಂ ನಿಮ್ಮವರು, ಅಂದರು.

ನಾನು ಸುಮ್ಮನೆ ಕೂರಲಿಲ್ಲ. ರೇಣುಕಾಳನ್ನು ಕರೆದುಕೊಂಡು ಮತ್ತೆ ಮನೆಮನೆಗೆ ಹೋದೆ. ಈ ಸಲ ಒಳಬಾಗಿಲಲ್ಲಿ ನಿಂತವರನ್ನು ಕೇಳಿದೆ. ಕೇಳಬೇಕಾದ್ದೇ ಇರಲಿಲ್ಲ, ಹೇಳುತ್ತ ಹೋದರು. ಒಬ್ಬಳು ಗಂಡನನ್ನು ಬಸ್ಸಿನ ಮೆಟ್ಟಿಲು ಹತ್ತಿಸಲು ಹಿಂದಿನಿಂದ ಹೆಗಲು ಕೊಡುವುದನ್ನು ನಿಂತಲ್ಲೇ ಮಾಡಿ ತೋರಿಸಿದಳು. ಒಬ್ಬ ಅತ್ತೆ ಸೊಸೆಯ ತುರಿಕೆಯನ್ನು ಹೇಳುತ್ತ ತನ್ನ ಮೈ ಪರಚಿಕೊಂಡಳು. ಅದೆಲ್ಲವನ್ನೂ ತಂದು ಸರ್ ಮುಂದಿಟ್ಟೆ. ಅವರು ಗೌರವದಿಂದಲೇ ಓದಿದರು. "ಇದು ಮನ ಕಲಕುತ್ತೆ ಮೇಡಂ. ಆದರೆ ಇದು ಪರರ ಉತ್ತರ. ನಿಯಮದಲ್ಲಿ ಇದಕ್ಕೆ ಜಾಗ ಇಲ್ಲ," ಎಂದು ತಿರುಗಿ ಕೊಟ್ಟರು.

ಕೊನೆಯ ಸಭೆ ಯಾದಗಿರಿಯಲ್ಲಿ. ಅಲ್ಲೇ ಟ್ರಸ್ಟಿನ ಅಧ್ಯಕ್ಷರು ತೀರ್ಮಾನ ಹೇಳುವವರಿದ್ದರು. ಅದೃಷ್ಟಕ್ಕೆ ಅದು ಯಂಕಪ್ಪನ ಚಿಕಿತ್ಸೆಯ ದಿನವೂ ಹೌದು. ನಾನು ಮುಂಚೆಯೇ ದೇವಾಪುರಕ್ಕೆ ಹೋಗಿ ಹಣಮವ್ವನಿಗೆ ಹೇಳಿ ಬಂದಿದ್ದೆ. ಅಲ್ಲಿ ನೀನೇ ಮಾತಾಡಬೇಕವ್ವ, ಕಾಕಾನ ಕೈಗೆ ಬಿಡಬೇಡ. "ನಾ ಬಿಡ್ತೀನೇನ ತಂಗಿ? ಮಷೀನು ಸುರಪುರಕ್ಕ ಬಂದ್ರ ಇವರು ಇನ್ನ ನಾಕು ದಿನ ನನ್ನ ಕಣ್ಣ ಮುಂದ ಇರ್ತಾರ," ಎಂದಿದ್ದಳು. ಅವಳಿಗಿದ್ದದ್ದು ಅಷ್ಟೇ ಆಸೆ.

ಸಭಾಂಗಣದ ತುಂಬ ಫಿನಾಯಿಲ್ ವಾಸನೆ, ಹಿಂದೆ ಉಪ್ಪಿಟ್ಟು. ಪರದೆಯ ಮೇಲೆ ಸರ್ ಚಿತ್ರಗಳನ್ನು ತೋರಿಸಿದರು. ಸುರಪುರದ ರೋಗಿಗಳೆಲ್ಲ ಮೇಲ್ಗಡೆ ಚುಕ್ಕೆಗಳಾಗಿ ಗುಂಪುಗೂಡಿದ್ದರು, ಪೂರ್ಣ ಆರೋಗ್ಯದ ಗೆರೆಗೆ ತಾಗಿದಂತೆ. ನಾನು ಎದ್ದು ನಿಂತೆ. ಈ ಜನ ಆರಾಮ ಎಂದದ್ದು ನಮಗೆ ಮಾಡಿದ ಮರ್ಯಾದೆ, ಅದನ್ನು ಆರೋಗ್ಯವೆಂದು ಎಣಿಸಬೇಡಿ, ಒಂದು ಮನೆಯವರನ್ನಾದರೂ ಕಣ್ಣಾರೆ ನೋಡಿ, ಎಂದೆ. ಅಧ್ಯಕ್ಷರು ಒಳ್ಳೆಯ ಮನುಷ್ಯ. ಕರೆಯಿರಿ, ಎಂದರು.

ಯಂಕಪ್ಪ ಚಪ್ಪಲಿ ಹೊರಗೇ ಬಿಟ್ಟು ಬಂದ. ಆಗಷ್ಟೇ ಯಂತ್ರದಿಂದ ಎದ್ದು ಬಂದಿದ್ದ, ತೋಳಿಗೆ ಪಟ್ಟಿ, ಮುಖ ಬಿಳಿಚಿತ್ತು. ಹಿಂದೆ ಹಣಮವ್ವ ಸೆರಗು ಬಿಗಿದು ತಯಾರಾಗಿ ನಿಂತಿದ್ದಳು. ಎಲ್ಲ ಸರಿಯಾಗಿಯೇ ಇತ್ತು, ಆದರೆ ಅಧ್ಯಕ್ಷರು ತಮ್ಮ ದೊಡ್ಡತನ ತೋರಿಸಿಬಿಟ್ಟರು. ಕುರ್ಚಿಯಿಂದ ಎದ್ದು ಬಂದು, ಯಂಕಪ್ಪನಿಗೆ ಕೈ ಮುಗಿದು, "ಹೇಗಿದ್ದೀರಿ ಯಜಮಾನರೇ?" ಎಂದು ಕೇಳಿದರು.

ಯಂಕಪ್ಪ ನಡು ನೆಟ್ಟಗೆ ಮಾಡಿದ. ಎರಡೂ ಕೈ ಜೋಡಿಸಿದ. "ಆರಾಮ ಅದೀನ್ರಿ ಸಾಹೇಬ್ರ. ಏನೂ ತ್ರಾಸಿಲ್ಲ."

"ಸುಳ್ಳ್ರಿ ಸಾಹೇಬ್ರ!" ಹಣಮವ್ವ ಮುಂದೆ ಬಂದಳು. "ಬಸ್ಸಿನ್ಯಾಗ ನಿಂತು ಬಂದಾರ್ರೀ ಇವತ್ತ. ಹೋಗುಮುಂದ ಕಣ್ಣಿಗಿ ಕತ್ತಲಿ ಬಂದು ಬೀಳ್ತಾರ, ನಾ ಹಿಡಕೊಂಡು ಹೋಗ್ತೀನಿ. ಮಳಿ ಬಂದು ಬಸ್ಸು ನಿಂತ್ರ ಆ ದಿನ ಹೋತು. ಹಂಗ ಒಮ್ಮಿ ಆಗಿ ಉಸಿರ ನಿಂತಿತ್ರಿ, ಕೈಕಾಲು ತಣ್ಣಗ ಆಗಿದ್ದವು..."

"ಏ, ಸುಮ್ನಿರು!" ಯಂಕಪ್ಪ ತಿರುಗಿ ಗದರಿದ. "ದೊಡ್ಡ ಮಂದಿ ಕುಂತಾರ. ಮನಿ ಮಾನ ಕಳೀಬ್ಯಾಡ."

"ಮಾನ ಕಟಗೊಂಡು ಸಾಯ್ತೀರೇನು?"

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಹಣಮವ್ವನಿಗೂ ಕೈ ಮುಗಿದು, "ಪಾಪ, ಗಾಬರಿಯಾಗಿದ್ದಾರೆ ತಾಯಿ. ಗಂಡನ ಮೇಲೆ ಎಷ್ಟು ಪ್ರೀತಿ!" ಎಂದರು. ಪ್ರಭಾಕರ ಸರ್ ಮೆಲ್ಲಗೆ, ಮನೆಯವರ ಮಾತು ಹೀಗೆ ಹಿಗ್ಗುತ್ತದೆ ಎಂಬ ಕಾರಣಕ್ಕೇ ಆ ನಿಯಮ ಇರುವುದು ಎಂದು ವಿವರಿಸಿದರು. ಆ ತಾಯಿಯನ್ನೇ ಕೇಳಿ, ಯಂಕಪ್ಪನನ್ನು ಬಿಡಿ ಎಂದು ನಾನು ಕೂಗಾಡಿದೆ. ನಿಜಕ್ಕೂ ಕೂಗಾಡಿದೆ. ನನ್ನ ವೃತ್ತಿಯಲ್ಲಿ ನಾನು ಸಭೆಯಲ್ಲಿ ದನಿ ಎತ್ತಿದ್ದು ಅದೊಂದೇ ಸಲ. ಎಲ್ಲರೂ ನನ್ನನ್ನೂ ಹಣಮವ್ವನನ್ನೂ ಒಂದೇ ರೀತಿಯ ಕರುಣೆಯಿಂದ ನೋಡಿದರು. ಯಾರೋ ಯಂಕಪ್ಪನ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟರು. ಅವನು ಉಪ್ಪು ತಿನ್ನುವಂತಿರಲಿಲ್ಲ. ಕೊಟ್ಟವರಿಗೆ ಬೇಸರವಾದೀತೆಂದು ಒಂದು ತುತ್ತು ಬಾಯಿಗಿಟ್ಟ. ಹಣಮವ್ವ ತಟ್ಟೆ ಕಸಿದುಕೊಂಡು ಹೊರಗೆ ನಡೆದಳು.

ಮೆಟ್ಟಿಲ ಮೇಲೆ ನಾನು ಅವನನ್ನು ತಡೆದು ಜಗಳವನ್ನೇ ಮಾಡಿದೆ. ಅಲ್ಲ ಕಾಕಾ, ನಿನ್ನ ಜೀವದ ಪ್ರಶ್ನೆ, ಅಲ್ಲೂ ಆರಾಮ ಅಂತೀಯಲ್ಲ!

ಯಂಕಪ್ಪ ಕಂಬ ಹಿಡಿದು ಉಸಿರು ತಿರುಗಿಸಿಕೊಂಡ. "ಯವ್ವಾ, ಅಷ್ಟ ದೊಡ್ಡ ಮನಷ್ಯಾ ಎದ್ದ ಬಂದು ಕೈ ಮುಗದು ಕೇಳಿದ. ಅವನ ಮುಂದ ನನ್ನ ಹೊಲಸು ಬಿಚ್ಚಿ ಇಡಾಕ ಬರ್ತದೇನ? ನಾ ಮಷೀನ ಬೇಡಾಕ ಬಂದಾಂವ ಅಂತ ತಿಳಕೋತಾನ." ಒಂದು ಮೆಟ್ಟಿಲು ಇಳಿದು, "ತಿಳಿಯೂ ಮಂದಿಗಿ ನನ್ನ ಮಾರಿ ನೋಡಿದ್ರ ತಿಳೀತದ," ಎಂದ.

ಮುಖ ನೋಡಿದರೆ ತಿಳಿಯುತ್ತಿತ್ತು. ಅಷ್ಟು ದೊಡ್ಡ ಸಭೆಯಲ್ಲಿ ಎಲ್ಲರೂ ಪರದೆ ನೋಡುತ್ತಿದ್ದರು.

ಯಂತ್ರಗಳು ನಗರಕ್ಕೆ ಹೋದವು. ನನ್ನ ಭಿನ್ನಾಭಿಪ್ರಾಯವನ್ನು ವರದಿಯ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕಿದರು. ಪ್ರಭಾಕರ ಸರ್ ಬರೆದ ಪ್ರಬಂಧ ಮಾತ್ರ ದೊಡ್ಡ ಹೆಸರು ಮಾಡಿತು. ಅದರಿಂದ ನನ್ನ ಹೆಸರು ತೆಗೆಯಿರಿ ಎಂದು ಮುಂಚೆಯೇ ಬರೆದಿದ್ದೆ. ಊರು ನಿಮ್ಮದು, ಶ್ರಮ ನಿಮ್ಮದು, ಹೆಸರು ಬಿಡುವುದು ಅನ್ಯಾಯ ಎಂದು ಉತ್ತರ ಬಂತು, ಅಷ್ಟರಲ್ಲಿ ಪ್ರಬಂಧವೂ ಅಚ್ಚಾಗಿತ್ತು. ಮನೆಯವರನ್ನು ದೂರವಿಟ್ಟು ರೋಗಿಯನ್ನು ಕೇಳುವ ವಿಧಾನಕ್ಕೆ ಸುರಪುರ ಮಾದರಿ ಎಂಬ ಹೆಸರಾಯಿತು. ಪ್ರೊಫೆಸರ್ ಹುದ್ದೆಯ ಸಂದರ್ಶನದಲ್ಲಿ ಅದನ್ನೇ ಹೊಗಳಿದರು. ಅದರಲ್ಲಿನ ತಪ್ಪನ್ನು ನಾನು ಬಿಡಿಸಿ ಹೇಳಿದೆ. ಎಷ್ಟು ವಿನಯ ನೋಡಿ ಎಂದು ಹುದ್ದೆ ಕೊಟ್ಟರು! ನನ್ನ ವೃತ್ತಿಯವರಿಗೆ ನಿಜವನ್ನು ಹೇಳುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು.

ಆದರೆ ಅದೆಲ್ಲ ಆಮೇಲಿನ ಮಾತು. ಆ ವರ್ಷದ ಹಿಂಗಾರಿನಲ್ಲಿ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟು ಭೀಮೆ ಉಕ್ಕಿತು. ಯಾದಗಿರಿಯ ರಸ್ತೆ ಬಂದ್ ಆಯಿತು, ಬಸ್ಸುಗಳು ಶಹಾಪುರದಲ್ಲೇ ನಿಂತವು. ಯಂಕಪ್ಪನ ಒಂದು ಸರದಿ ತಪ್ಪಿತು, ಇನ್ನೊಂದೂ ತಪ್ಪಿತು. ಸುರಪುರದಲ್ಲಿ ಯಂತ್ರವಿದ್ದಿದ್ದರೆ ಟಂಟಂ ಗಾಡಿ ಹತ್ತಿ ಹೋಗಿಬರುವಷ್ಟೇ ದಾರಿ. ರಸ್ತೆ ತೆರೆಯುವ ಮುಂಚೆ ಅವನು ತೀರಿಕೊಂಡ. ರೇಣುಕಾ ಫೋನು ಮಾಡಿ, "ಮೇಡಂ, ದೇವಾಪುರದ ಕಾಕಾ ಹೋದ್ರಂತ್ರಿ," ಎಂದು ಅತ್ತಳು.

ನಮ್ಮ ಸಮೀಕ್ಷೆಗೆ ಎರಡನೆಯ ಸುತ್ತು ಬಾಕಿಯಿತ್ತು. ಮೊದಲು ಕೇಳಿದವರನ್ನೇ ಕೆಲವು ತಿಂಗಳ ಬಳಿಕ ಮತ್ತೆ ಕೇಳಬೇಕು. ರೋಗಿ ಬದುಕಿಲ್ಲದಿದ್ದರೆ ಏನು ಮಾಡಬೇಕೆಂದು ಪ್ರಭಾಕರ ಸರ್ ಸೂಚನೆ ಕಳಿಸಿದ್ದರು. ಅಂಥ ಮನೆಗಳಲ್ಲಿ ಮನೆಯವರ ಉತ್ತರವನ್ನು ಪಡೆಯಬಹುದು, ಅದನ್ನು ಮಾನ್ಯ ಮಾಡಲಾಗುವುದು. ಓದಿ ಕಾಗದ ಮುದುರಿ ಎಸೆದೆ. ಆದರೂ ಹೋದೆ. ಹಣಮವ್ವನ ಮಾತನ್ನು ಈ ಹಾಳು ಶಾಸ್ತ್ರ ಈಗಲಾದರೂ ಒಪ್ಪುತ್ತದೆ, ಅದನ್ನು ಇಟ್ಟುಕೊಂಡು ಟ್ರಸ್ಟಿನವರನ್ನು ಮತ್ತೆ ಕೇಳಬಹುದು, ಮುಂದಿನ ಯಂತ್ರವಾದರೂ ಸುರಪುರಕ್ಕೆ ಬಂದೀತು ಎಂಬ ಆಸೆಯಿತ್ತು.

ದೇವಾಪುರದಲ್ಲಿ ನೆಲ್ಲು ಕೊಯ್ಲು ನಡೆದಿತ್ತು. ಹಣಮವ್ವ ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ನಮ್ಮನ್ನು ಕಂಡು ಅಳಲಿಲ್ಲ. ಬರ್ರಿ ಎಂದಳು, ಚಾಪೆ ತೋರಿಸಿದಳು. ನಾನು ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ. ರೇಣುಕಾ ಬಂದ ಕಾರಣ ಹೇಳಿದಳು. ಕಡೀ ದಿನದಾಗ ಕಾಕಾ ಹ್ಯಾಂಗಿದ್ರು ಅಂತ ನಿಮ್ಮನ್ನ ಕೇಳಬೇಕಾಗ್ಯಾದ್ರಿ, ಎಂದಳು.

"ನನ್ನ ಕೇಳಾಕ ಬಂದೀರೇನ?" ಹಣಮವ್ವ ಮೊರ ಕೆಳಗಿಟ್ಟಳು. "ನಾ ಹೇಳಿದ್ದು ಬರಕೋತೀರೇನ ಈಗ?"

"ಬರಕೋತೀವ್ರಿ."

"ಹೊರಗ ಹೋಗಿ ಕುಂದ್ರು ಅನ್ನಾಂಗಿಲ್ಲ?"

"ಇಲ್ರೀ ಅವ್ವಾರ."

ಹೇಳವ್ವ, ಒಂದೂ ಬಿಡದೆ ಹೇಳು, ಬೇರೆಯವರಿಗಾದರೂ ಆಗುತ್ತದೆ ಎಂದೆ ನಾನು. ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಕೆಲಸ ಬಾಕಿಯಿದೆ ಎಂಬಂತೆ. ಕಟ್ಟೆಯ ಮೇಲೆ ಯಂಕಪ್ಪ ಕೂರುತ್ತಿದ್ದ ಜಾಗದಲ್ಲಿ ಈಗ ನೆಲ್ಲಿನ ಚೀಲಗಳಿದ್ದವು.

"ಮನಿಗಿ ಬಂದೀರಿ. ಬರಕೋರಿ," ಎಂದಳು. "ಆರಾಮ ಇದ್ರು."

ರೇಣುಕಾ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ಹಣಮವ್ವ ಮೊರ ಎತ್ತಿಕೊಂಡು, ನಮ್ಮಿಬ್ಬರನ್ನೂ ನೋಡದೆ, "ಬರಕೊಂಡ್ರೇನು?" ಎಂದು ಕೇಳಿದಳು.